ಬುಗುಡಿ ಕಿವಿ, ಏಳು ಬಾಟಲಿ

ಆ ಹುಡುಗಿ ದುಪಟ್ಟಾವನ್ನು ಎಡಗಿವಿಗೆ ಒತ್ತಿ ಹಿಡಿದುಕೊಂಡೇ ಡ್ರೆಸ್ಸಿಂಗ್ ರೂಮಿಗೆ ಬಂದಳು. ಒಂಬತ್ತು ದಿನದ ಹಿಂದೆ ಅದೇ ಸ್ಟೂಲಿನ ಮೇಲೆ ಕೂರಿಸಿ ಆ ಕಿವಿಯ ಮೇಲಂಚಿಗೆ ತೂತು ಮಾಡಿದವಳು ನಾನೇ. ದುಪಟ್ಟಾ ಸರಿಸಿದೆ. ಕಿವಿಯ ಮೇಲಿನ ಅರ್ಧ ಕೆಂಪಗೆ ಊದಿ, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಕೆಳಗಿನ ಹಾಲೆ ಮಾತ್ರ ಏನೂ ಗೊತ್ತಿಲ್ಲದಂತೆ ತಣ್ಣಗಿತ್ತು.

ನನಗೆ ಹಿಡಿಸದೆ ಹೋದದ್ದು ಆ ತಣ್ಣಗಿನ ಹಾಲೆ. ಹಾಲೆ ಬರೀ ಚರ್ಮ, ಕೊಬ್ಬು. ಅಲ್ಲಿ ಕೀವಾದರೆ ವಾಸಿಯಾಗುತ್ತದೆ. ಮೇಲಿನದು ಕಾರ್ಟಿಲೇಜ್, ಮೆದು ಎಲುಬು. ಅದಕ್ಕೆ ಸ್ವಂತ ರಕ್ತನಾಳವಿಲ್ಲ. ಮೇಲೆ ಹೊದ್ದ ತೆಳು ಪೊರೆ ಕೊಟ್ಟಷ್ಟೇ ಅದಕ್ಕೆ ಊಟ. ಪೊರೆಗೂ ಎಲುಬಿಗೂ ನಡುವೆ ಕೀವು ನಿಂತರೆ ಎಲುಬು ಸಾಯುತ್ತದೆ. ಸತ್ತ ಮೇಲೆ ಕಿವಿ ಮುದುಡಿಕೊಳ್ಳುತ್ತದೆ, ಮತ್ತೆ ಬಿಚ್ಚಿಕೊಳ್ಳುವುದಿಲ್ಲ.

ನಾನು ಚಳ್ಳಕೆರೆಯ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಬೆಳಗಿನ ಹೊತ್ತು ಡ್ರೆಸ್ಸಿಂಗ್ ನೋಡಿಕೊಳ್ಳುವ ಮುದುಕಿ. ಕಾನ್ವೆಂಟಿನಲ್ಲಿ ಓದಿ, ಸಿಸ್ಟರುಗಳ ಆಸ್ಪತ್ರೆಯಲ್ಲೇ ಟ್ರೇನಿಂಗ್ ಆದವಳು ಅಂತ ಜನಕ್ಕೆ ನನ್ನ ಕೈ ಮೇಲೆ ನಂಬಿಕೆ. ಅಕ್ಕಸಾಲಿಗರ ಹತ್ತಿರ ಹೋಗುವುದನ್ನು ಬಿಟ್ಟು "ಸಿಸ್ಟರಮ್ಮನ ಕೈ ಕ್ಲೀನು" ಅಂತ ಕಿವಿ, ಮೂಗು ಚುಚ್ಚಿಸಲು ನನ್ನಲ್ಲಿಗೆ ಬರುತ್ತಿದ್ದರು. ನನಗೂ ಒಳಗೊಳಗೇ ಸ್ವಲ್ಪ ಪ್ರೈಡ್. ಪ್ರತಿಯೊಬ್ಬರಿಗೂ ಹೊಸ ಸೂಜಿ, ಹೊಸ ಗ್ಲೌಸ್. ಹಾಕುವ ಸ್ಟೀಲ್ ಸ್ಟಡ್ಡನ್ನು ಹಿಂದಿನ ದಿನವೇ ಆಂಟಿಸೆಪ್ಟಿಕ್ ನೀರಿನಲ್ಲಿ ನೆನೆಹಾಕುತ್ತಿದ್ದೆ. ಮನೆಗೆ ಹೊರಟಾಗ ಅದೇ ನೀರನ್ನು ಒಂದು ಪುಟ್ಟ ಬಾಟಲಿಗೆ ತುಂಬಿಸಿ ಕೊಟ್ಟು, ದಿನಕ್ಕೆ ಎರಡು ಸಲ ಹತ್ತಿಯಲ್ಲಿ ಅದ್ದಿ ಒರೆಸಬೇಕು ಅಂತ ಹೇಳಿ ಕಳಿಸುತ್ತಿದ್ದೆ.

ಈ ಹುಡುಗಿ ಮೊಳಕಾಲ್ಮೂರಿನ ನೇಕಾರರ ಮನೆಯವಳು. ಇಪ್ಪತ್ತು ವರ್ಷ. ಅಜ್ಜಿ ಸಾಯುವಾಗ ಒಂದು ಜೊತೆ ಬುಗುಡಿ ಬಿಟ್ಟು ಹೋಗಿದ್ದರಂತೆ, ಕಿವಿಯ ಮೇಲಂಚಿಗೆ ಹಾಕುವ ಹಳೇ ಕಾಲದ ಒಡವೆ. ಅವಳ ತಾಯಿಗೆ ಮೇಲುಗಿವಿ ತೂತಿಲ್ಲ, ಸೋದರತ್ತೆಯರಿಗೂ ಇಲ್ಲ. "ಮುರಿಸಿ ಉಂಗುರ ಮಾಡಿಸ್ತಾರಂತೆ ಸಿಸ್ಟರಮ್ಮ. ನಾನೇ ಹಾಕ್ಕೊಂತೀನಿ ಅಂದೆ" ಅಂತ ಚುಚ್ಚಿಸಿಕೊಳ್ಳುವ ದಿನ ಹೇಳಿದ್ದಳು. ಅಜ್ಜಿ ಮಗ್ಗದ ಪಕ್ಕದಲ್ಲಿ ಕೂತು ಲಾಳಿಗೆ ನೂಲು ಸುತ್ತಿಕೊಡುವಾಗ ಬುಗುಡಿ ಅಲ್ಲಾಡುತ್ತಿದ್ದದ್ದು ಅವಳಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ನನ್ನ ಅಮ್ಮನಿಗೂ ಬುಗುಡಿ ಇತ್ತು. ಬೋರ್ಡಿಂಗ್‌ನಿಂದ ರಜೆಗೆ ಬಂದಾಗ ಅವಳ ತೊಡೆಯ ಮೇಲೆ ಮಲಗಿ ಅದನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದೆ. ಹಾಗಾಗಿ, ಟು ಬಿ ಆನೆಸ್ಟ್, ಮೇಲುಗಿವಿ ಚುಚ್ಚುವಾಗ ಬೇರೆಯವರಿಗೆ ಹೇಳುವಷ್ಟು ಎಚ್ಚರಿಕೆ ಇವಳಿಗೆ ಹೇಳಲಿಲ್ಲ. ಒಂದು ರೂಲ್ ಮಾತ್ರ ಬಿಡಲಿಲ್ಲ: ಒಂದು ಸಲಕ್ಕೆ ಒಂದೇ ಕಿವಿ, ಇನ್ನೊಂದು ಮಗ್ಗುಲಿಗೆ ಮಲಗಲು ಬರಬೇಕಲ್ಲ.

ಡಾಕ್ಟರು ಬಂದು ನೋಡಿದರು. ನನ್ನ ಮೊಮ್ಮಗನ ವಯಸ್ಸಿನವರು. ಮಾತ್ರೆ ಬರೆದರು, ಸ್ಟಡ್ ತೆಗೆಯಲು ಹೇಳಿದರು. ಜೊತೆಗೆ ಬಂದಿದ್ದ ತಾಯಿ ಒಪ್ಪಲಿಲ್ಲ.

"ಚುಚ್ಚಿದ ಕಿವಿ ಬರಿದು ಬಿಡಬಾರ್ದು ಸರ್. ತೂತು ಮುಚ್ಕಂಡ್ರೆ ಮತ್ತೆ ಚುಚ್ಚಿಸಾಕೆ ಇವಳ ಕೈಲಾಗ್ತೈತಾ?" ಅಂದಳು.

ಡಾಕ್ಟರು ನನ್ನ ಮುಖ ನೋಡಿದರು. ನಾನು, "ಎರಡು ದಿನ ನೋಡೋಣ ಸರ್, ಕ್ಲೀನಿಂಗ್ ಜಾಸ್ತಿ ಮಾಡಲಿ" ಅಂದೆ. ಹುಡುಗಿಯ ಪುಟ್ಟ ಬಾಟಲಿ ಖಾಲಿಯಾಗಿತ್ತು. ಅಷ್ಟು ಶ್ರದ್ಧೆಯಿಂದ ಒರೆಸಿಕೊಂಡಿದ್ದಳು. ಶೆಲ್ಫಿನ ದೊಡ್ಡ ಬಾಟಲಿಯಿಂದ ಅದನ್ನು ಮತ್ತೆ ತುಂಬಿಸಿ ಕೊಟ್ಟೆ.

"ಎರಡು ಸಲ ಅಲ್ಲ, ಇನ್ನು ಮೇಲೆ ನಾಲ್ಕು ಸಲ."

"ಆಯ್ತು ಸಿಸ್ಟರಮ್ಮ" ಅಂದಳು.

ಮೂರು ದಿನ ಕಳೆದ ಮೇಲೆ ತಾಯಿ, ಮಗಳು ಮತ್ತೆ ಬಂದರು. ಈ ಸಲ ದುಪಟ್ಟಾ ಸರಿಸುವ ಅಗತ್ಯವೇ ಇರಲಿಲ್ಲ, ಕಿವಿ ತಲೆಯಿಂದ ದೂರ ಎದ್ದು ನಿಂತಿತ್ತು. ಮೇಲಂಚಿನ ಮಡಿಕೆಗಳೆಲ್ಲ ಊತದಲ್ಲಿ ಮುಚ್ಚಿಹೋಗಿದ್ದವು. ಸ್ಟಡ್ಡಿನ ಹಿಂಭಾಗ ಚರ್ಮದೊಳಗೆ ಹುದುಗಿ ಕಾಣುತ್ತಲೇ ಇರಲಿಲ್ಲ. ಇನ್ನು ಯಾರನ್ನೂ ಕೇಳಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಡಾಕ್ಟರು ಚರ್ಮ ಬಿಡಿಸಿದರು, ನಾನು ಸಣ್ಣ ಚಿಮಟದಲ್ಲಿ ಸ್ಟಡ್ ಎಳೆದೆ. ಹಿಂದೆಯೇ ಕೀವು ಬಂತು. ಗಾಜ್ ಬಟ್ಟೆಯ ಮೇಲೆ ಅದು ಹಳದಿಯಾಗಿರಲಿಲ್ಲ. ಅಂಚಿನಲ್ಲಿ ಹಸಿರು.

ಆಮೇಲೆ ವಾಸನೆ. ಕೊಳೆತ ದ್ರಾಕ್ಷಿಯಂಥ ಸಿಹಿ ವಾಸನೆ.

ಐವತ್ತು ವರ್ಷದ ಹಿಂದೆ ಸುಟ್ಟಗಾಯದ ವಾರ್ಡಿನಲ್ಲಿ ನಾನು ಈ ವಾಸನೆಯ ನಡುವೆ ಓಡಾಡಿದ್ದೆ. ಅಲ್ಲಿನ ಬ್ಯಾಂಡೇಜುಗಳೂ ಹೀಗೇ ಹಸಿರಾಗುತ್ತಿದ್ದವು. ಹಸಿರು ಕಂಡ ಮಂಚದ ಹತ್ತಿರ ಸಿಸ್ಟರುಗಳ ದನಿ ತಗ್ಗುತ್ತಿತ್ತು. ಒದ್ದೆಯಲ್ಲಿ ಬದುಕುವ ಕ್ರಿಮಿ ಅದು. ನೀರಿದ್ದ ಕಡೆ ಇರುತ್ತದೆ, ಮಾಮೂಲಿ ಮಾತ್ರೆಗೆ ಜಗ್ಗುವುದಿಲ್ಲ.

ಡಾಕ್ಟರಿಗೆ ಹೇಳಿದೆ. ಅವರು ಕೀವನ್ನು ಹತ್ತಿಕಡ್ಡಿಯಲ್ಲಿ ತೆಗೆದು ಲ್ಯಾಬಿಗೆ ಕಳಿಸಿದರು, ಮಾತ್ರೆ ಬದಲಾಯಿಸಿದರು, ಎರಡು ದಿನದಲ್ಲಿ ಇಳಿಯದಿದ್ದರೆ ಬಳ್ಳಾರಿಯ ಕಿವಿ ಡಾಕ್ಟರ ಹತ್ತಿರ ಹೋಗಬೇಕು ಅಂತ ಚೀಟಿ ಬರೆದರು. ನಾನು ತಾಯಿಯ ಮೇಲೆ ರೇಗಿದೆ.

"ಯಾವ ನೀರು ಹಾಕಿದಿರಿ? ಬಾವಿ ನೀರಾ? ತೊಟ್ಟಿ ನೀರಾ?"

"ಒಂದು ಹನಿ ಹಾಕಿಲ್ಲ ಸಿಸ್ಟರಮ್ಮ. ತಲೆಗೂ ನೀರು ಹಾಕ್ಕಂಡಿಲ್ಲ ಇವಳು, ನೋಡ್ರಿ ಬೇಕಾದ್ರೆ, ಜಡೆ ವಾಸನೆ ಬರ್ತೈತೆ."

"ಅರಿಶಿನ, ಕೊಬ್ಬರಿಎಣ್ಣೆ?"

"ಇಲ್ಲಾರೀ."

"ಸುಳ್ಳು ಹೇಳಬೇಡಿ. ಇದು ಎಲ್ಲಿಂದಲೋ ಬಂದಿರಬೇಕು."

ತಾಯಿ ತಲೆ ತಗ್ಗಿಸಿದಳು. ಹುಡುಗಿ ಹೇಳಿದಳು, "ಅವ್ವಂಗೆ ಬೈಬೇಡ್ರಿ. ನೀವು ಹೇಳಿದಂಗೇ ನಾಲ್ಕು ಸಲ ಒರೆಸ್ಕಂಡೀನಿ. ಒಂದು ಸಲನೂ ತಪ್ಪಿಸಿಲ್ಲ."

ಅವರು ಹೋದರು. ಬಾಟಲಿ ಅವರ ಚೀಲದಲ್ಲೇ ಹೋಯಿತು.

ಮರುದಿನ ನಮ್ಮ ಕ್ಲಿನಿಕ್ ಎದುರಿನ ಬೈಕ್ ಮೆಕ್ಯಾನಿಕ್‌ನ ಮಗಳು ಬಂದಳು. ಕಾಲೇಜಿಗೆ ಹೋಗುವ ಹುಡುಗಿ, ಬಾಯಿ ಜೋರು. ಅವಳು ದಾದಿ ಅನ್ನುವ ಅಜ್ಜಿಯ ಕಿವಿಯಂಚಿನಲ್ಲಿ ಸಾಲಾಗಿ ಏಳು ಬಾಲಿ ರಿಂಗು ಇದ್ದವಂತೆ. ಮೊಮ್ಮಗಳು ಒಂದಕ್ಕೆ ಸಮಾಧಾನಪಟ್ಟು, ನೇಕಾರರ ಹುಡುಗಿಯ ವಾರದಲ್ಲೇ ನನ್ನ ಕೈಲಿ ಮೇಲುಗಿವಿ ಚುಚ್ಚಿಸಿಕೊಂಡಿದ್ದಳು. ನಾನು ಅವಳನ್ನು ಕಂಡದ್ದೇ ಕಿಟಕಿ ಬೆಳಕಿಗೆ ಎಳೆದುಕೊಂಡು ಹೋಗಿ ಕಿವಿ ನೋಡಿದೆ. ಒಂದು ಚೂರು ಕೆಂಪಿಲ್ಲ. ಒಣಗಿ, ನೀಟಾಗಿ ಕೂತಿತ್ತು.

"ವೆರಿ ಗುಡ್. ದಿನಾ ಎಷ್ಟು ಸಲ ಒರೆಸಿದೆ?"

ಅವಳು ನಕ್ಕಳು. "ಸಚ್ ಹೇಳ್ಲಾ ಆಂಟಿ? ಬೈಯಲ್ಲ ತಾನೆ?"

"ಹೇಳು."

"ಅಲ್ಲಾ ಕಸಮ್, ಆ ಬಾಟಲಿ ಮುಚ್ಚಳಾನೇ ತೆಗೆದಿಲ್ಲ. ಬ್ಯಾಗಲ್ಲೇ ಐತೆ. ನೀವು ಹಾಕಿದ ಸ್ಟಡ್ಡೂ ಆವತ್ತೇ ಸಂಜೆ ತೆಗೆದ್ಬಿಟ್ಟೆ. ಅಮ್ಮಿ ಚಿನ್ನದ್ದು ಬಿಸಿನೀರಲ್ಲಿ ಕುದಿಸಿ ಹಾಕಿದ್ರು. ಸ್ಟೀಲು ಹಾಕ್ಕೊಂಡ್ರೆ ಅಬ್ಬಾನ ಗ್ಯಾರೇಜಿನ ನಟ್ಟು ಸಿಗಿಸ್ಕೊಂಡಂಗೆ ಕಾಣ್ತೈತೆ ಅಂತ ಬೈದ್ರು."

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ನಾನು ಹೇಳಿದ್ದನ್ನು ತಪ್ಪದೆ ಮಾಡಿದವಳ ಕಿವಿ ಕೊಳೆಯುತ್ತಿತ್ತು. ಒಂದನ್ನೂ ಮಾಡದವಳ ಕಿವಿ ಇಲ್ಲಿ ನನ್ನ ಮುಂದೆ ಕ್ಷೇಮವಾಗಿತ್ತು.

"ಆ ಬಾಟಲಿ ಕೊಡು" ಅಂದೆ.

ಬ್ಯಾಗಿನ ತಳದಿಂದ ತೆಗೆದು ಕೊಟ್ಟಳು. ಅಲ್ಲಾಡಿಸದೆ ಬೆಳಕಿಗೆ ಹಿಡಿದೆ. ತಿಳಿ ಹಳದಿ ನೀರು. ತಳದಲ್ಲಿ ಒಂದು ಎಳೆ, ಜೇಡರ ನೂಲಿನಷ್ಟು ತೆಳ್ಳಗಿನದು, ತನ್ನಷ್ಟಕ್ಕೆ ತಿರುಗುತ್ತಿತ್ತು. ಮುಚ್ಚಳ ತೆರೆದೆ. ಆಂಟಿಸೆಪ್ಟಿಕ್ ವಾಸನೆ ಮೊದಲು. ಅದರ ಹಿಂದೆ, ತೀರಾ ಹಿಂದೆ, ಸಿಹಿ.

ಅವಳನ್ನು ಕಳಿಸಿ ಶೆಲ್ಫಿನ ದೊಡ್ಡ ಬಾಟಲಿ ಕೆಳಗಿಳಿಸಿದೆ. ಕಂದು ಗಾಜಿನದು, ಒಳಗೆ ಏನಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಬೆರಳು ಹಾಕಿ ಕುತ್ತಿಗೆಯ ಒಳಗೆ ಸವರಿದೆ. ಜಾರುತ್ತಿತ್ತು, ಬಾವಿಯ ಮೆಟ್ಟಿಲಿನ ಹಾಗೆ.

ಆ ಬಾಟಲಿ ನಾನು ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಖಾಲಿಯಾಗಿರಲಿಲ್ಲ. ಕಾಲು ಭಾಗಕ್ಕೆ ಬಂದರೆ ಕುದಿಸಿ ಆರಿಸಿದ ನೀರು ಸೇರಿಸುವುದು, ಬಣ್ಣ ಮಂಕಾದರೆ ಗಟ್ಟಿ ದ್ರವ ಒಂದು ಮುಚ್ಚಳ ಹಾಕುವುದು. ಟಾಪ್ ಅಪ್. ಟ್ರೇನಿಂಗ್‌ನಲ್ಲಿ ನಮ್ಮ ವಾರ್ಡ್ ಸಿಸ್ಟರ್ ಒಂದು ಹನಿ ಔಷಧ ಚೆಲ್ಲಿದರೂ ಸಹಿಸುತ್ತಿರಲಿಲ್ಲ. ಆ ಪಾಠ ನನ್ನ ಮೈಯಲ್ಲಿ ಸೇರಿಹೋಗಿತ್ತು. ಆದರೆ ಅವರು ಇನ್ನೊಂದನ್ನೂ ಹೇಳಿಕೊಟ್ಟಿದ್ದರು. ಶನಿವಾರ ಮಧ್ಯಾಹ್ನ ಎಲ್ಲ ಬಾಟಲಿ ಬರಿದು ಮಾಡಿ, ದೊಡ್ಡ ಪಾತ್ರೆಯಲ್ಲಿ ಕುದಿಸಿ, ಬಿಸಿಲಿಗೆ ಕವುಚಿ ಹಾಕಬೇಕು. ಆ ಶನಿವಾರಗಳು ನನಗೆ ಚೆನ್ನಾಗಿ ನೆನಪಿದ್ದವು. ಬಿಸಿಲಲ್ಲಿ ಸಾಲಾಗಿ ಹೊಳೆಯುವ ಬಾಟಲಿಗಳ ಮುಂದೆ ನಾವು ಹುಡುಗಿಯರು ಇಂಗ್ಲಿಷ್ ಹಾಡು ಹೇಳುತ್ತಾ ಕೂತಿರುತ್ತಿದ್ದೆವು. ಹಾಡು ಉಳಿಸಿಕೊಂಡೆ, ಮಿತವ್ಯಯ ಉಳಿಸಿಕೊಂಡೆ. ಕುದಿಸುವುದನ್ನು ಬಿಟ್ಟೆ. ಇಲ್ಲಿ ನಲ್ಲಿ ನೀರು ಐದಾರು ದಿನಕ್ಕೊಮ್ಮೆ ಬರುತ್ತದೆ, ಅಷ್ಟು ನೀರು ಬಾಟಲಿ ತೊಳೆಯಲು ಎಲ್ಲಿಂದ ತರಲಿ ಅಂತ ಮೊದಲ ತಿಂಗಳಲ್ಲೇ ನನಗೆ ನಾನೇ ಹೇಳಿಕೊಂಡಿದ್ದೆ. ನೀರು ಬೆರೆಸಿ ಬೆರೆಸಿ ಶಕ್ತಿ ಕಳೆದುಕೊಂಡ ಔಷಧದಲ್ಲಿ ಆ ಕ್ರಿಮಿ ಆರಾಮಾಗಿ ಮನೆ ಮಾಡಿಕೊಂಡಿತ್ತು.

ಸಿಂಕ್ ಒಂದು ಮಾರು ದೂರದಲ್ಲಿತ್ತು. ಬಾಟಲಿ ನನ್ನ ಕೈಯಲ್ಲಿತ್ತು, ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಸುರಿದರೆ ಮುಗಿಯಿತು. ಮೊಳಕಾಲ್ಮೂರಿನ ಕಿವಿ ಮಗ್ಗದ ಧೂಳಿನದ್ದೋ, ದೃಷ್ಟಿಯದ್ದೋ, ಅವರ ಕೊಳಕಿನದ್ದೋ ಆಗಿ ಉಳಿಯುತ್ತಿತ್ತು. ಸಿಂಕಿನವರೆಗೆ ಹೋದೆ ಕೂಡ. ಅಲ್ಲಿ ನಿಂತಾಗ ತಲೆ ತಗ್ಗಿಸಿದ್ದ ಆ ತಾಯಿಯ ಬೈತಲೆ ಕಣ್ಣಿಗೆ ಬಂತು. ತಿರುಗಿ ಡಾಕ್ಟರ ರೂಮಿಗೆ ನಡೆದೆ, ಬಾಟಲಿಯನ್ನು ಅವರ ಮೇಜಿನ ಮೇಲೆ ಇಟ್ಟೆ.

"ಸರ್, ಇನ್ಫೆಕ್ಷನ್ ಇದರಲ್ಲಿದೆ. ನಾನು ಮಾಡಿದ್ದು. ಇದನ್ನೂ ಲ್ಯಾಬಿಗೆ ಕಳಿಸಿ."

ಅವರು ಬಾಟಲಿಯನ್ನೂ ನನ್ನನ್ನೂ ನೋಡಿ ಬಾಗಿಲು ಮುಚ್ಚಿದರು. "ಸಿಸ್ಟರ್, ಕೂತ್ಕೊಳ್ಳಿ. ರಿಪೋರ್ಟ್ ಬರಲಿ. ಅಲ್ಲೀವರೆಗೂ ಯಾರಿಗೂ ಏನೂ ಹೇಳೋದು ಬೇಡ. ಸುಮ್ಮನೆ ಪ್ಯಾನಿಕ್ ಆಗುತ್ತೆ. ಕ್ಲಿನಿಕ್ ಹೆಸರು ಬೇರೆ…"

"ರಿಪೋರ್ಟ್ ಬರೋದು ನಾಳಿದ್ದು. ಅವರು ಒರೆಸಿಕೊಳ್ಳೋದು ಇವತ್ತು."

ಅವರು ಮೇಜಿನ ಮೇಲಿನ ಫೋನನ್ನು ನನ್ನ ಕಡೆ ತಳ್ಳಿದರು.

ನನ್ನ ರಿಜಿಸ್ಟರ್ ತೆಗೆದೆ. ಆ ತಿಂಗಳು ಏಳು ಬಾಟಲಿ ಹೊರಗೆ ಹೋಗಿದ್ದವು. ಮೆಕ್ಯಾನಿಕ್‌ನ ಮಗಳದ್ದು ಕೈಯಲ್ಲೇ ಇತ್ತು. ಚಳ್ಳಕೆರೆಯ ನಾಲ್ವರಿಗೆ ಫೋನ್ ಮಾಡಿದೆ. ಎಲ್ಲರದ್ದೂ ಹಾಲೆಗೆ ಚುಚ್ಚಿದ್ದು. ಒಂದು ಮಗುವಿಗೆ ಹಾಲೆ ಊದಿತ್ತು, ಕೂಡಲೇ ಕರೆತರಲು ಹೇಳಿದೆ; ಮಿಕ್ಕವರು ಒಂದೆರಡು ದಿನ ಒರೆಸಿ ಮರೆತಿದ್ದರು. ಅವರ ಸೋಮಾರಿತನಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ. ಆರನೆಯದು ತಳಕಿನ ಕಡೆಯ ಹೆಂಗಸು, ವಯಸ್ಸಾದವರು. ಅವರೂ ಬುಗುಡಿಗೆಂದೇ ಮುಚ್ಚಿಹೋದ ಹಳೇ ತೂತಿನ ಪಕ್ಕ ಹೊಸದು ಮಾಡಿಸಿಕೊಂಡಿದ್ದರು. ಅವರ ಹೆಸರಿನ ಮುಂದೆ ನಾನು ಬರೆದುಕೊಂಡಿದ್ದ ನಂಬರಿನಲ್ಲಿ ಒಂಬತ್ತೇ ಅಂಕಿ ಇದ್ದವು. ಊರಿನ ಜಾಗದಲ್ಲಿ "ತಳಕು ಕಡೆ" ಅಂತ ಮಾತ್ರ. ಏಳನೆಯದು ನೇಕಾರರ ಹುಡುಗಿ. ಫೋನ್ ರಿಂಗ್ ಆಯಿತು, ಎತ್ತಲಿಲ್ಲ. ಮಗ್ಗ ನಡೆಯುವ ಮನೆಯಲ್ಲಿ ಫೋನ್ ಕೇಳಿಸುವುದಿಲ್ಲ.

ಮೊಳಕಾಲ್ಮೂರಿಗೆ ಹನ್ನೊಂದರ ಬಸ್ ಹಿಡಿದೆ. ತಳಕಿನಲ್ಲಿ ಬಸ್ ನಿಂತಾಗ ಕಿಟಕಿಯಿಂದ ಅಂಗಡಿ ಸಾಲಿನ ಹೆಂಗಸರ ಮುಖಗಳನ್ನು ಹುಡುಕಿದೆ. ಎಲ್ಲರೂ ಬಿಸಿಲಿಗೆ ತಲೆ ತುಂಬ ಸೆರಗು ಹೊದ್ದಿದ್ದರು.

ಮೊಳಕಾಲ್ಮೂರಿನಲ್ಲಿ ಬಂಡೆಗುಡ್ಡದ ಕೆಳಗಿನ ಓಣಿಯಲ್ಲಿ ಮನೆ ಸಿಕ್ಕಿತು. ತಂದೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು, ಮೈ ಸುಡುತ್ತಿತ್ತು. ಅವಳ ಸೋದರತ್ತೆ ಪಕ್ಕದಲ್ಲಿ ಕೂತು ನನ್ನ ಬಾಟಲಿಯ ನೀರನ್ನು ಬಟ್ಟಲಿಗೆ ಸುರಿದುಕೊಂಡು ಅದರಲ್ಲಿ ಏನನ್ನೋ ಅದ್ದುತ್ತಿದ್ದಳು. ಬೇವಿನ ಕಡ್ಡಿ. ನಾನು ಸ್ಟಡ್ ತೆಗೆದ ತೂತಿನಲ್ಲಿ ಆಗಲೇ ಅಂಥದ್ದೊಂದು ಇತ್ತು.

"ತೂತು ಮುಚ್ಚಬಾರ್ದಲ್ಲ ಅಂತ ಇಟ್ಟೀವಿ" ಅಂದಳು ತಾಯಿ, ನಾನು ಬಂದದ್ದಕ್ಕೆ ಗಾಬರಿಯಾಗಿ. "ಬರೀದಲ್ಲ ಸಿಸ್ಟರಮ್ಮ. ನಿಮ್ ನೀರಲ್ಲೇ ಅದ್ದಿ ಅದ್ದಿ, ಗಂಟೆಗೊಂದು ಬದಲಾಯಿಸ್ತೀವಿ."

ಬಟ್ಟಲು ಕಿತ್ತುಕೊಂಡು ಅಂಗಳಕ್ಕೆ ಚೆಲ್ಲಿದೆ. ಮಗ್ಗ ನಿಂತಿತು.

"ಆ ನೀರೇ ವಿಷ" ಅಂದೆ. "ನಿಮ್ಮ ಬಾವಿದಲ್ಲ, ನಿಮ್ಮ ಮನೆದಲ್ಲ. ನಾನು ಕೊಟ್ಟ ನೀರು. ಬಾಟಲಿ ತೊಳೀಲಿಲ್ಲ ನಾನು. ನಿನ್ನೆ ನಿಮಗೆ ಬೈದೆನಲ್ಲ, ಅದೂ ತಪ್ಪು."

ಸೋದರತ್ತೆ ಎದ್ದಳು, ಸಿಟ್ಟಿನಲ್ಲಿ ಮಾತಿಗೆ ತೆಲುಗು ಬೆರೆಯಿತು. "ಏಂಟಮ್ಮಾ ಇದು! ಕ್ಲೀನು ಕ್ಲೀನು ಅಂತ ಅಷ್ಟು ದೂರ ಬಂದ್ವಲ್ಲ ನಿಮ್ಮತ್ರ! ನಮ್ಮವ್ವಂಗೆ ಅಕ್ಕಸಾಲಿ ಮುಳ್ಳಲ್ಲಿ ಚುಚ್ಚಿದ್ದ. ಏನಾಗಿತ್ತು ಅವಳಿಗೆ? ಎಂಬತ್ತು ವರ್ಷ ಹಾಕ್ಕಂಡಿದ್ಲು!"

ತಂದೆ ಗುಂಡಿಯಿಂದ ಮೇಲೆ ಬಂದ. ನನಗೆ ಹೊಡೆಯುತ್ತಾನೆ ಅಂತಲೇ ಅನಿಸಿತು. ಅವನು ತಂಗಿಯ ಕಡೆ ತಿರುಗಿ, "ಊರ್ಕೋ, ಸುಮ್ನಿರು. ಬೈಯೋದು ಆಮೇಲೆ ಬೈಯುವಂತೆ" ಅಂದ. ನನ್ನ ಕೇಳಿದ, "ಈಗ ಏನು ಮಾಡ್ಬೇಕ್ರಿ?"

"ಬಳ್ಳಾರಿಗೆ. ಈಗಲೇ. ಎರಡು ದಿನ ಕಾಯೋದು ಬೇಡ. ನಾನೂ ಬರ್ತೀನಿ."

ಕಡ್ಡಿ ನಾನೇ ತೆಗೆದೆ. ಅವಳು ಕೂಗಲಿಲ್ಲ, ನನ್ನ ಸೀರೆಯ ನೆರಿಗೆ ಹಿಡಿದುಕೊಂಡಳು ಅಷ್ಟೇ. ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಕಿವಿ ಉಳಿತೈತಾ ಸಿಸ್ಟರಮ್ಮ?"

ರೋಗಿಗಳಿಗೆ ಹೇಳಬೇಕಾದ ಸಮಾಧಾನದ ಮಾತುಗಳು ನನಗೆ ಎರಡು ಭಾಷೆಯಲ್ಲಿ ಬಾಯಿಪಾಠ. ಅವತ್ತು ಒಂದೂ ಬರಲಿಲ್ಲ. "ಗೊತ್ತಿಲ್ಲ ಮಗಾ" ಅಂದೆ.

ಬಳ್ಳಾರಿಯ ಕಿವಿ ಡಾಕ್ಟರು ಮಧ್ಯವಯಸ್ಸಿನ ಹೆಂಗಸು. ನಾನು ಕ್ರಿಮಿಯ ಅನುಮಾನ, ಬಾಟಲಿ, ಕಡ್ಡಿ, ಎಲ್ಲ ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ, ವಾರ್ಡ್ ರೌಂಡಿನಲ್ಲಿ ಒಪ್ಪಿಸುತ್ತಿದ್ದ ಹಾಗೆ. ಅವರು ಪೂರ್ತಿ ಕೇಳಿ, "ಗುಡ್ ದಟ್ ಯು ಟೋಲ್ಡ್ ಮಿ. ರಿಪೋರ್ಟಿಗೆ ಕಾಯಲ್ಲ, ಅದಕ್ಕೇ ಹೊಂದೋ ಇಂಜೆಕ್ಷನ್ ಈಗಲೇ ಶುರು ಮಾಡ್ತೀನಿ" ಅಂದರು. ಸಂಜೆಯೊಳಗೆ ಥಿಯೇಟರಿಗೆ ಕರೆದೊಯ್ದು, ಕಿವಿಯ ಹಿಂದೆ ಸೀಳಿ, ಕೀವು ತೆಗೆದು, ಸತ್ತ ಕಾರ್ಟಿಲೇಜ್ ಕೆರೆದು ತೆಗೆದರು. ಚರ್ಮ ಮತ್ತೆ ಎದ್ದು ನಿಲ್ಲದಂತೆ ಎರಡೂ ಕಡೆ ಗಾಜ್ ಉಂಡೆ ಇಟ್ಟು ದಾರದಿಂದ ಬಿಗಿದು ಹೊಲಿದರು. ಹೊರಗೆ ಬಂದು ಬೆರಳು ಮಡಚಿ ತೋರಿಸಿದರು: ಮೇಲಿನ ಮೂರನೇ ಒಂದು ಭಾಗ ಹೋಯಿತು, ಉಳಿದದ್ದು ಉಳಿಯಬಹುದು. ಇನ್ನೊಂದು ದಿನ ಬಿಟ್ಟಿದ್ದರೆ ಇಡೀ ಕಿವಿ.

ಲ್ಯಾಬಿನ ಕಾಗದಗಳು ಬಂದಾಗ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಹುಡುಗಿಯ ಕೀವು, ನನ್ನ ಬಾಟಲಿ. ಎರಡರಲ್ಲೂ ಒಂದೇ ಹೆಸರು.

ಆ ಕಂದು ಬಾಟಲಿ ಈಗ ಇಲ್ಲ. ಡ್ರೆಸ್ಸಿಂಗ್‌ಗೆ ಪ್ರತಿ ದಿನ ಹೊಸದಾಗಿ ಬೆರೆಸುತ್ತೇವೆ, ಸಂಜೆ ಉಳಿದದ್ದನ್ನು ಚೆಲ್ಲುತ್ತೇವೆ. ಚೆಲ್ಲುವಾಗ ನನ್ನ ಕೈ ಇವತ್ತಿಗೂ ಒಂದು ಗಳಿಗೆ ತಡೆಯುತ್ತದೆ. ಕಿವಿ ಚುಚ್ಚುವುದನ್ನು ನಿಲ್ಲಿಸಿದ್ದೇನೆ.

ಹುಡುಗಿ ಎರಡು ತಿಂಗಳ ನಂತರ ತಾಯಿಯ ಜೊತೆ ಬಂದಿದ್ದಳು. ಕಿವಿಯ ಮೇಲುಭಾಗ ಕಾಗದ ಮಡಚಿದ ಹಾಗೆ ಒಳಕ್ಕೆ ಮಡಚಿಕೊಂಡಿತ್ತು. ಜಡೆಯನ್ನು ಆ ಕಡೆಗೆ ಸಡಿಲವಾಗಿ ಹೆಣೆಯುವುದನ್ನು ಕಲಿತಿದ್ದಳು.

"ಬಲಗಿವಿ ಐತಲ್ಲ, ಅದಕ್ಕೆ ಚುಚ್ತೀರಾ?" ಅಂದಳು.

"ಏ, ಸುಮ್ನಿರೇ!" ಅಂದಳು ತಾಯಿ.

"ಇಲ್ಲ ಮಗಾ. ನಾನಿನ್ನು ಯಾರಿಗೂ ಚುಚ್ಚಲ್ಲ. ನಿಂಗೆ ಯಾರ ಕೈಲೂ ಬೇಡ."

"ಬುಗುಡಿ ಮುರಿಸಾಕೆ ಬಿಟ್ಟಿಲ್ಲ ನಾನು. ಪೆಟ್ಟಿಗೇಲೇ ಇರ್ಲಿ." ಸ್ವಲ್ಪ ಹೊತ್ತು ಶೆಲ್ಫ್ ನೋಡಿದಳು, ಬಾಟಲಿ ಇದ್ದ ಜಾಗವನ್ನು. "ಅವತ್ತು ಕಾರಲ್ಲಿ ಏಳು ಬಾಟಲಿ ಅಂತಿದ್ರಿ. ಎಲ್ಲಾ ಸಿಕ್ವಾ?"

"ಆರು."

"ಇನ್ನೊಂದು?"

"ತಳಕಿನ ಕಡೆಯವರು. ಮೇಲುಗಿವಿ."

ಅವಳ ಕೈ ತಾನಾಗಿ ಎಡಗಿವಿಗೆ ಹೋಯಿತು.

ನಾನು ಹುಡುಕಿಲ್ಲವೆಂದಲ್ಲ. ಮೊದಲ ವಾರದಲ್ಲೇ ತಳಕಿನ ಅಂಗಡಿಗಳಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಹೇಳಿ ಬಂದೆ. ಆ ಒಂಬತ್ತು ಅಂಕಿಗೆ ಹತ್ತನೆಯದನ್ನು ಒಂದೊಂದಾಗಿ ಸೇರಿಸಿ ಫೋನ್ ಮಾಡಿದೆ, ಯಾರ್ಯಾರೋ ಸಿಕ್ಕರು. ಈಗ ಗುರುವಾರ ಕ್ಲಿನಿಕ್ ಮುಗಿದ ಮೇಲೆ ತಳಕಿನ ಬಸ್ ಹತ್ತುತ್ತೇನೆ. ಹೆಂಗಸರ ಮುಖ ನೋಡುವುದು ಬಿಟ್ಟು ಎಷ್ಟೋ ದಿನವಾಯಿತು, ಕಿವಿ ಮಾತ್ರ ನೋಡುತ್ತೇನೆ.

ಕಳೆದ ಗುರುವಾರ ಮುಂದಿನ ಸೀಟಿನಲ್ಲಿ ಒಬ್ಬರು ವಯಸ್ಸಾದವರು ಸೆರಗನ್ನು ಒಂದೇ ಕಿವಿಯ ಮೇಲೆ ಎಳೆದು ಕೈಯಿಂದ ಅದುಮಿಕೊಂಡು ಕೂತಿದ್ದರು. ಎದ್ದು ಹೋಗಿ ಅವರ ಭುಜ ಮುಟ್ಟಿದೆ.

"ಅಮ್ಮಾ, ಕಿವಿಗೆ ಏನಾಯ್ತು?"

ಅವರು ಬೆರಗಾಗಿ ನನ್ನ ನೋಡಿ ಸೆರಗು ಸರಿಸಿದರು. ಕಿವಿ ನೆಟ್ಟಗಿತ್ತು.

"ಏನಿಲ್ಲಮ್ಮ, ಗಾಳಿಗೆ" ಅಂದರು. "ಯಾಕೆ?"

ನಾನು ಕಿಟಕಿಯ ಗಾಜು ಮುಂದಕ್ಕೆಳೆದು ಕೊಟ್ಟು, ನನ್ನ ಸೀಟಿಗೆ ಬಂದು ಕೂತೆ.